ಅಪೀಲಿಗೆ ಅನುಮತಿ: ಜಡ್ಜ್ ಕಾಗದ ಓದಿದರೆ ಸಾಕೇ?

ಇಂಗ್ಲೆಂಡಿನಲ್ಲಿ ಸಿವಿಲ್ ಕೇಸು ಸೋತವರು ಸೀದಾ ಅಪೀಲು ಹೋಗುವ ಹಾಗಿಲ್ಲ. ಕೆಲವೇ ಬಗೆಯ ಆದೇಶಗಳನ್ನು ಬಿಟ್ಟರೆ ಮೊದಲು ಕೋರ್ಟಿನ ಅನುಮತಿ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲ ಅಪೀಲು ಹಕ್ಕು, ಹಾಗಾಗಿ ಇದು ವಿಚಿತ್ರ ಅನಿಸಬಹುದು. ಹೈಕೋರ್ಟಿಗಿಂತ ಮೇಲಿರುವ, ಲಂಡನ್ನಿನ ಕೋರ್ಟ್ ಆಫ್ ಅಪೀಲ್‌ನಲ್ಲಿ ಮೊದಲು ಕಾಗದದ ಮೇಲೆ ಅನುಮತಿ ಸಿಗದಿದ್ದರೂ ಜಡ್ಜ್ ಎದುರು ನಿಂತು ಮತ್ತೆ ಕೇಳಬಹುದಿತ್ತು. 2016ರ ಅಕ್ಟೋಬರ್ 3ರಿಂದ ಆ ಹಕ್ಕು ಹೋಯಿತು. ಇದು ಸರಿಯೇ?

ಪರ

ಅಪೀಲು ಅಂದರೆ ಕೇಸನ್ನು ಮೊದಲಿಂದ ನಡೆಸುವುದಲ್ಲ. ಕೆಳಗಿನ ತೀರ್ಪು ತಪ್ಪೇ, ಅಥವಾ ವಿಚಾರಣೆಯ ಗಂಭೀರ ಲೋಪದಿಂದ ಅನ್ಯಾಯವಾಗಿದೆಯೇ, ಇಷ್ಟೇ ಪ್ರಶ್ನೆ. ತೀರ್ಪು, ಅಪೀಲಿನ ಕಾರಣಗಳು, ಲಿಖಿತ ವಾದ ಎಲ್ಲವೂ ಜಡ್ಜ್ ಮುಂದಿರುತ್ತವೆ. ಗೆಲ್ಲುವ ನಿಜವಾದ ಸಾಧ್ಯತೆ ಇದ್ದರೆ ಅಲ್ಲೇ ಕಾಣುತ್ತದೆ.

ಗೆದ್ದವರ ಪಾಡನ್ನೂ ನೋಡಿ. 1999ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಒಂದು ವಿಚ್ಛೇದನ ಕೇಸಿನಲ್ಲಿ ದಂಪತಿಯ ಆಸ್ತಿ ಸುಮಾರು 1,27,400 ಪೌಂಡ್. ಅಪೀಲಿನ ಮೇಲೆ ಅಪೀಲಾಗಿ ಕೋರ್ಟು ಖರ್ಚೇ 1,28,000 ದಾಟಿತ್ತು! ಎಲ್ಲೋ ಒಂದು ಕಡೆ ಬಾಗಿಲು ಹಾಕಲೇಬೇಕು. ಕಾಗದದ ಮೇಲೆ ನ್ಯಾಯವಾಗಿ ತೀರ್ಮಾನಿಸಲು ಆಗದು ಅನಿಸಿದರೆ, ಜಡ್ಜ್ ಮೌಖಿಕ ವಿಚಾರಣೆಗೆ ಕರೆಯಲೇಬೇಕು ಅಂತಲೂ ನಿಯಮದಲ್ಲಿದೆ.

ವಿರೋಧ

ಅನಿಸಬೇಕಾದ್ದು ಯಾರಿಗೆ? ಅದೇ ಕಾಗದ ಓದುತ್ತಿರುವ ಜಡ್ಜಿಗೆ. ಕಾಗದದಲ್ಲೇ ವಿಷಯ ಸರಿಯಾಗಿ ಬಂದಿಲ್ಲದಿದ್ದರೆ?

2013ರಲ್ಲಿ ಕಾನೂನು ನೆರವು ಕಡಿತವಾದ ಮೇಲೆ ಲಾಯರ್ ಇಲ್ಲದೆ ತಾವೇ ಕೇಸು ನಡೆಸುವವರು, ಅದರಲ್ಲೂ ಕೌಟುಂಬಿಕ ಕೇಸುಗಳಲ್ಲಿ, ಜಾಸ್ತಿಯಾದರು. ಅಂಥ ಒಬ್ಬಾಕೆ ಸಾಮಾನ್ಯವಾಗಿ ಸಿಗುವ 21 ದಿನಗಳೊಳಗೆ ಅಪೀಲಿನ ಫಾರ್ಮ್ ತುಂಬುತ್ತಾಳೆ ಅಂದುಕೊಳ್ಳಿ. ‘ಜಡ್ಜ್ ನನ್ನ ಮಾತೇ ಕೇಳಲಿಲ್ಲ’ ಅಂತ ಪುಟಗಟ್ಟಲೆ ಬರೆಯುತ್ತಾಳೆ. ಎದುರು ಪಾರ್ಟಿಯ ಮುಖ್ಯ ದಾಖಲೆ ತನಗೆ ತಡವಾಗಿ ಸಿಕ್ಕಿದ ವಿಷಯ ಎಲ್ಲೋ ಒಂದು ಸಾಲಿನಲ್ಲಿ ಹೂತಿರುತ್ತದೆ. ಎದುರಿಗಿದ್ದಿದ್ದರೆ ಜಡ್ಜ್ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇದು ನಿಮ್ಮ ಕೈಗೆ ಬಂದಿದ್ದು ಯಾವಾಗ?” “ಅವತ್ತೇ ಬೆಳಿಗ್ಗೆ, ಕೋರ್ಟಿನ ಬಾಗಿಲಲ್ಲಿ.” ಪರದವರು ಹೇಳುವ ಗಂಭೀರ ಲೋಪ ಇದೇ ಅಲ್ವಾ?

ಖರ್ಚಿನ ಮಾತಿಗೂ ಅಷ್ಟು ಬಲವಿಲ್ಲ. ಅನುಮತಿ ಕೇಳುವ ವಿಚಾರಣೆ ಚಿಕ್ಕದು. ಸಾಮಾನ್ಯವಾಗಿ ಗೆದ್ದವರು ಅಲ್ಲಿಗೆ ಬರಬೇಕಾಗಿಯೂ ಇಲ್ಲ. ಆ ಲಕ್ಷಕ್ಕೂ ಮೀರಿದ ಪೌಂಡ್ ಕರಗಿದ್ದು ಇಂಥ ಅರ್ಧ ಗಂಟೆಯಲ್ಲಿ ಅಲ್ಲ.

ಇನ್ನೊಂದು ತಮಾಷೆ. ಹೈಕೋರ್ಟಿನಲ್ಲಿ, ಅದಕ್ಕೂ ಕೆಳಗಿನ ಕೌಂಟಿ ಕೋರ್ಟಿನಲ್ಲಿ ಅಪೀಲಿಗೆ ಕಾಗದದ ಮೇಲೆ ಅನುಮತಿ ಸಿಗದಿದ್ದರೆ, ಪೂರಾ ಹುರುಳಿಲ್ಲದ್ದು ಅಂತ ಜಡ್ಜ್ ಬರೆಯದ ಹೊರತು, ಎದುರು ನಿಂತು ಕೇಳುವ ಅವಕಾಶ ಇವತ್ತಿಗೂ ಇದೆ. ಕೋರ್ಟ್ ಆಫ್ ಅಪೀಲ್‌ನಲ್ಲಿ ಮಾತ್ರ ಅದನ್ನು ಕಿತ್ತುಕೊಂಡಿದ್ದಾರೆ.