ರುಬೆಲ್ಲಾ ಸೂಜಿ ಮದುವೆಗೆ ಮುಂಚೆನೇ ಆಗಲಿ

ನಾನಿರುವ ಜರ್ಮನಿಯಲ್ಲಿ ಬಸುರಿಗೆ ಮುಟ್ಟರ್‌ಪಾಸ್ ಅಂತ ಒಂದು ಪುಸ್ತಕ ಕೊಡುತ್ತಾರೆ. ಆಕೆಗೆ ರುಬೆಲ್ಲಾ ಅನ್ನೋ ವೈರಸ್ ರೋಗ ತಡೆಯೋ ಶಕ್ತಿ ಇದೆಯೋ ಇಲ್ಲವೋ ಅಂತ ಅದರಲ್ಲಿ ಬರೆಯುತ್ತಾರೆ. ನಮ್ಮ ಧಾರವಾಡದಲ್ಲಿ ಧನುರ್ವಾಯು, ಗಂಟಲಮಾರಿ ತಡೆಯೋ ಟಿಡಿ ಸೂಜಿ, ಕಬ್ಬಿಣದ ಗುಳಿಗೆ ಎಲ್ಲವನ್ನೂ ಆಶಾ ಅಕ್ಕ ಮನೆಗೇ ಬಂದು ನೆನಪಿಸುತ್ತಾರೆ, ಆದರೆ ರುಬೆಲ್ಲಾ ಮಾತು ನಮ್ಮ ಮನೆಗಳಲ್ಲಿ ಬರೋದೇ ಇಲ್ಲ.

ಹಾಗಂತ ಜರ್ಮನಿಯವರದ್ದೇ ಸರಿ ಅಂತಲ್ಲ. ಬಸುರಾದ ಮೇಲೆ ಶಕ್ತಿ ಇಲ್ಲ ಅಂತ ಗೊತ್ತಾದರೆ ಆಗ ಲಸಿಕೆ ಹಾಕೋ ಹಾಗಿಲ್ಲ. ಅಲ್ಲಿ ನಡೆಯುತ್ತದೆ, ಯಾಕಂದರೆ ಹೆಚ್ಚಿನವರಿಗೆ ಚಿಕ್ಕವರಿದ್ದಾಗಲೇ ಎರಡು ಡೋಸ್ ಆಗಿರುತ್ತದೆ. ನಮ್ಮಲ್ಲಿ ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾಗಿದ್ದೇ 2017ರ ಫೆಬ್ರುವರಿಯಲ್ಲಿ, ಅದೂ 9 ತಿಂಗಳಿಂದ 15 ವರ್ಷದ ಒಳಗಿನ ಮಕ್ಕಳಿಗೆ. ಆಗ ಆ ವಯಸ್ಸು ದಾಟಿದ್ದ ಹುಡುಗಿಯರೇ ಈಗ ಮದುವೆ, ಬಾಣಂತನ ಅಂತ ಇದ್ದಾರೆ!

ಮೊದಲ 12 ವಾರದಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಹತ್ತರಲ್ಲಿ ಒಂಬತ್ತು ಕೂಸುಗಳವರೆಗೂ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಲಸಿಕೆಯಲ್ಲಿರೋದೂ ಜೀವಂತ ವೈರಸ್ಸೇ, ಶಕ್ತಿ ಕುಂದಿಸಿದ್ದು ಅಷ್ಟೇ. ಅದು ಕೂಸಿಗೆ ತಲುಪಬಹುದು ಅನ್ನೋ ಅಂಜಿಕೆಗೇ ಬಸುರಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ), ಸೀತಾಳೆ ಸಿಡುಬು ಅಂತೀವಲ್ಲ ಆ ಚಿಕನ್‌ಪಾಕ್ಸ್ ಲಸಿಕೆ, ಎರಡನ್ನೂ ಹಾಕೋದಿಲ್ಲ, ಹಾಕಿಸಿಕೊಂಡ ಮೇಲೆ 4 ವಾರ ಬಸುರಾಗಬಾರದು ಅಂತಾರೆ. ಟಿಡಿಗೆ ಈ ಅಂಜಿಕೆ ಬೇಡ, ಅದರಲ್ಲಿ ಜೀವ ಇರೋದೇ ಇಲ್ಲ.

ಗೊತ್ತಿಲ್ಲದೆ ಹಾಕಿಸಿಕೊಂಡಿದ್ದರೆ? ನಮ್ಮ ಸಂಬಂಧಿಕರೊಬ್ಬರಿಗೆ ಹೀಗೇ ಆಯಿತು. ಡಾಕ್ಟರ್ ಬಾಯಿ ತೆಗೆಯೋ ಮೊದಲೇ ಹಿರಿಯರೊಬ್ಬರು "ಸುಮ್ನ ತಗಸಿಬಿಡ್ರಿ" ಅಂದುಬಿಟ್ಟರು. ಇದಕ್ಕೇ ನನಗೆ ಸಿಟ್ಟು ಬರೋದು. ಅಮೆರಿಕದಲ್ಲಿ 1971ರಿಂದ 1989ರವರೆಗೆ ಹೀಗೆ ಬಸುರಿನ ಹೊತ್ತಿಗೆ ರುಬೆಲ್ಲಾ ಲಸಿಕೆ ಬಿದ್ದ ತಾಯಂದಿರ ಲೆಕ್ಕ ಇಟ್ಟರು. ರೋಗ ತಡೆಯೋ ಶಕ್ತಿ ಇಲ್ಲದ ತಾಯಂದಿರಿಗೆ ಹುಟ್ಟಿದ 324 ಕೂಸುಗಳಲ್ಲಿ ಒಂದಕ್ಕೂ ರುಬೆಲ್ಲಾದ ಊನ ಇರಲಿಲ್ಲ. ಹಾಕಬಾರದು ಅನ್ನೋದು ಮುನ್ನೆಚ್ಚರಿಕೆ, ಬಿದ್ದರೆ ಗರ್ಭ ತೆಗೆಸಿ ಅಂತ ಯಾವ ನಿಯಮವೂ ಹೇಳೋದಿಲ್ಲ. ಡಾಕ್ಟರಿಗೆ ತಾರೀಖು ಹೇಳಿ, ಸ್ಕ್ಯಾನ್ ತಪ್ಪಿಸಬೇಡಿ.

ಕುಂಡಲಿ ನೋಡ್ತೀವಿ, ಧಾರವಾಡದವರು ಹುಬ್ಬಳ್ಳಿಗೇ ಹೋಗಿ ಜವಳಿ ತರ್ತೀವಿ, ಕುಬಸಕ್ಕೆ ಊರಿಗೆಲ್ಲ ಹೇಳ್ತೀವಿ. ಈ ಸೂಜಿ ಆಗಿದೆಯಾ ಅಂತ ಹುಡುಗಿನ ಕೇಳೋದಕ್ಕೆ ಮಾತ್ರ ಸಂಕೋಚ. ಹುಡುಗಿಯ ತಾಯಿಯೇ ಕೇಳಲಿ, ಬೀಗರಿಗೆ ಇದರ ಗೊಡವೆ ಯಾಕೆ? ಆಗಿಲ್ಲದಿದ್ದರೆ ಮದುವೆಗೆ ತಿಂಗಳೆರಡು ತಿಂಗಳು ಇರುವಾಗಲೇ ಡಾಕ್ಟರ್ ಹತ್ತಿರ ಹೋಗಿ. ಆಗಲೂ ತಪ್ಪಿತೋ, ಬಾಣಂತಿ ತವರಲ್ಲಿರುವಾಗ ಹಾಕಿಸಿ. ಕೂಸಿಗೆ ಎದೆಹಾಲು ಕೊಡುತ್ತಿದ್ದರೂ ತೊಂದರೆ ಇಲ್ಲ.