ಉಗಾಂಡಾದಲ್ಲಿ ನಿಮ್ಮವರು ಯಾರಿದ್ದಾರೆ?

2023ರ ಆಗಸ್ಟ್ ತಿಂಗಳಲ್ಲಿ ಜಯನಗರದ ಬ್ಯಾಂಕ್ ಶಾಖೆಯೊಂದರಲ್ಲಿ ಹೊರದೇಶಕ್ಕೆ ಹಣ ಕಳಿಸುವ ಅರ್ಜಿ ತುಂಬಿ ಕೊಟ್ಟಿದ್ದೆ. ಹಣ ಹೋಗಬೇಕಾಗಿದ್ದುದು ನೆದರ್ಲೆಂಡ್ಸ್‌ನ ಐಸಿಸಿಎಫ್ ಹಾಲೆಂಡ್ ಎಂಬ ಸಂಸ್ಥೆಗೆ. ಉದ್ದೇಶ ಎಂಬ ಖಾನೆಯಲ್ಲಿ ಬರೆದಿದ್ದುದು, ಉಗಾಂಡಾದ ಮಕ್ಕಳ ಶಾಲೆಗೆ ದೇಣಿಗೆ ಎಂದು. ಕೌಂಟರಿನ ಆಚೆಗಿದ್ದ ಹೆಂಗಸು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಉಗಾಂಡಾದಲ್ಲಿ ನಿಮ್ಮವರು ಯಾರಿದ್ದಾರೆ ಸರ್?" ಎಂದು ಕೇಳಿದರು. ತನಿಖೆಯ ದನಿಯಲ್ಲ, ಬರೀ ಕುತೂಹಲ. "ಯಾರೂ ಇಲ್ಲ ಮೇಡಂ, ಒಂದು ಸಾಫ್ಟ್‌ವೇರ್ ಬಳಸ್ತೀನಿ, ಅದರ ಬಾಬ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ; ನನ್ನ ಹಿಂದೆ ಸಾಲಿನಲ್ಲಿ ಹತ್ತು ಜನರಿದ್ದುದರಿಂದ ವಿವರಿಸುವುದಕ್ಕೂ ಆಗಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಮ್ ಎಂಬುದು ಪ್ರೋಗ್ರಾಮರುಗಳು ಕೋಡ್ ಬರೆಯಲು ಬಳಸುವ ಎಡಿಟರ್. ಯಾವುದೇ ಫೈಲಿನ ಹೆಸರು ಕೊಡದೆ ಅದನ್ನು ತೆರೆದರೆ ಖಾಲಿ ಪರದೆಯ ನಡುವೆ ಕೆಲವು ಸಾಲುಗಳು ಕಾಣಿಸುತ್ತವೆ: ಅದರ ಹೆಸರು, ಆವೃತ್ತಿಯ ಸಂಖ್ಯೆ, ಬರೆದವರು ಬ್ರಾಮ್ ಮೋಲೆನಾರ್ ಮತ್ತು ಇತರರು, ಯಾರು ಬೇಕಾದರೂ ಹಂಚಿಕೊಳ್ಳಬಹುದು ಎಂಬ ಮಾತು. ಅದರ ಕೆಳಗೆ, "ಹೆಲ್ಪ್ ಪೂರ್ ಚಿಲ್ಡ್ರನ್ ಇನ್ ಉಗಾಂಡಾ!" ಎಂಬ ಒಂದು ಸಾಲು. ಇಷ್ಟೇ. ಹಣ ಕೊಡದಿದ್ದರೆ ಯಾವ ಸೌಲಭ್ಯವೂ ನಿಲ್ಲುವುದಿಲ್ಲ, ಮೂವತ್ತು ದಿನದ ಗಡುವಿಲ್ಲ, ಮೊದಲ ಅಕ್ಷರ ಒತ್ತಿದ ಕೂಡಲೇ ಆ ಸಾಲುಗಳು ತಾವಾಗಿ ಮಾಯವಾಗುತ್ತವೆ. ಇಂಥ ತಂತ್ರಾಂಶಕ್ಕೆ ಚಾರಿಟಿವೇರ್ ಎಂಬ ಹೆಸರಿದೆ. ಇದನ್ನು ಎಷ್ಟು ಸಾವಿರ ಸಲ ನೋಡಿಯೂ ನೋಡದ ಹಾಗೆ ಮುಂದೆ ಹೋಗಿದ್ದೇನೋ ನನಗೇ ಲೆಕ್ಕವಿಲ್ಲ.

ನನ್ನ ಮತ್ತು ವಿಮ್‌ನ ಮೊದಲ ಭೇಟಿ ಅವಮಾನದ್ದು. 2002ರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ಲ್ಯಾಬಿನಲ್ಲಿ ಸಿ ಭಾಷೆಯ ಲಿಂಕ್ಡ್ ಲಿಸ್ಟ್ ಪ್ರೋಗ್ರಾಮನ್ನು ಮುಕ್ಕಾಲು ಗಂಟೆ ಕುಳಿತು ಟೈಪ್ ಮಾಡಿದ್ದೆ. ಹೊರಬರುವುದು ಹೇಗೆಂದು ಗೊತ್ತಿರಲಿಲ್ಲ. ಏನು ಒತ್ತಿದರೂ ಪರದೆ ಬೀಪ್ ಎನ್ನುತ್ತಿತ್ತು; ಪಕ್ಕದವರನ್ನು ಕೇಳಲು ನಾಚಿಕೆ. ಕೊನೆಗೆ ಮೇಜಿನ ಕೆಳಗೆ ಬಗ್ಗಿ ಸ್ವಿಚ್ ಆರಿಸಿಬಿಟ್ಟೆ. ಲ್ಯಾಬಿನ ಸಹಾಯಕರು ಬಂದು ಬೈದು, ಯಂತ್ರವನ್ನು ಮತ್ತೆ ಹಚ್ಚಿ, ಅದೇ ಫೈಲನ್ನು ತೆರೆದಾಗ, ಹಿಂದಿನ ಬಾರಿ ಅರ್ಧಕ್ಕೆ ನಿಂತ ಕೆಲಸದ ಸ್ವಾಪ್ ಫೈಲ್ ಸಿಕ್ಕಿದೆ, ಅದನ್ನು ಮರಳಿ ಪಡೆಯಬೇಕೇ ಎಂದು ವಿಮ್ ಕೇಳಿತು. ಅವರು ಆರ್ ಅಕ್ಷರ ಒತ್ತಿದರು. ನನ್ನ ಲಿಂಕ್ಡ್ ಲಿಸ್ಟ್ ಇದ್ದ ಹಾಗೆ ಬಂದು ನಿಂತಿತು. ಇನ್ನೂರು ಅಕ್ಷರ ಟೈಪಿಸಿದಾಗಲೊಮ್ಮೆ, ಅಥವಾ ನಾವು ನಾಲ್ಕು ಸೆಕೆಂಡು ಸುಮ್ಮನೆ ಕುಳಿತಾಗಲೊಮ್ಮೆ ವಿಮ್ ನಮ್ಮ ಕೆಲಸವನ್ನು ಸದ್ದಿಲ್ಲದೆ ಡಿಸ್ಕಿಗೆ ಬರೆದಿಡುತ್ತದೆ ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮ ಮೂರ್ಖತನವನ್ನು ಮೊದಲೇ ಊಹಿಸಿ ಇಂಥ ಏರ್ಪಾಡು ಮಾಡಿದವನ ಮೇಲೆ ಅಂದಿನಿಂದಲೇ ಒಂದು ಅಕ್ಕರೆ ಬೆಳೆದಿರಬೇಕು. ಅಂದ ಹಾಗೆ, ಹೊರಬರುವ ದಾರಿ ಗೊತ್ತಿಲ್ಲದವನು ನಾನೊಬ್ಬನೇ ಅಲ್ಲ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಆ ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು.

ವಿಮ್‌ನ ಬೇರು ಹಳೆಯದು. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ವಿಐ ಎಂಬ ಎಡಿಟರ್ ಬರೆದಾಗ ಬಳಸುತ್ತಿದ್ದುದು ಎಡಿಎಂ-3ಎ ಎಂಬ ಟರ್ಮಿನಲ್, ಅಂದರೆ ದೂರದ ಕಂಪ್ಯೂಟರಿಗೆ ಜೋಡಿಸಿದ ಪರದೆ ಮತ್ತು ಕೀಲಿಮಣೆ. ಅದರ ಕೀಲಿಮಣೆಯಲ್ಲಿ ಬಾಣದ ಗುರುತುಗಳಿಗೆ ಪ್ರತ್ಯೇಕ ಕೀಲಿಗಳಿರಲಿಲ್ಲ. ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಬಾಣಗಳನ್ನು ಅಚ್ಚು ಹಾಕಿದ್ದರು. ಎಸ್ಕೇಪ್ ಕೀಲಿ ಇಂದಿನ ಟ್ಯಾಬ್ ಇರುವ ಜಾಗದಲ್ಲಿ, ಬೆರಳಿನ ಪಕ್ಕದಲ್ಲೇ ಇತ್ತು. ಮನೆಯಿಂದ ಸಂಪರ್ಕಿಸಲು ಇದ್ದುದು 300 ಬಾಡ್ ಮೋಡೆಮ್, ಅಂದರೆ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರ. ಆದ್ದರಿಂದ ಆಜ್ಞೆಗಳು ಒಂದೆರಡು ಅಕ್ಷರಕ್ಕಿಂತ ಉದ್ದವಿರುವಂತಿರಲಿಲ್ಲ. ಆ ಟರ್ಮಿನಲ್ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ಆದರೂ ಈ ಬರಹವನ್ನು ಓದುತ್ತಿರುವ ಕೆಲವರ ಬೆರಳುಗಳು ಇವತ್ತು ಬೆಳಿಗ್ಗೆಯೂ ಕೆಳಗಿಳಿಯಲು ಜೆ ಒತ್ತಿರುತ್ತವೆ, ಕಿರುಬೆರಳನ್ನು ಮೂಲೆಯ ಎಸ್ಕೇಪಿಗೆ ಚಾಚಿ ನೋಯಿಸಿಕೊಂಡಿರುತ್ತವೆ. ನಾವು ಕಣ್ಣಲ್ಲೂ ಕಾಣದ ಯಂತ್ರವೊಂದರ ನೆನಪನ್ನು ನಮ್ಮ ಬೆರಳುಗಳು ಸಾಕಿಕೊಂಡಿವೆ.

ಬ್ರಾಮ್ 1988ರಲ್ಲಿ ಕೊಂಡಿದ್ದು ಅಮಿಗಾ ಕಂಪ್ಯೂಟರು. ಅದರಲ್ಲಿ ವಿಐ ಇರಲಿಲ್ಲ. ಅಟಾರಿ ಕಂಪ್ಯೂಟರಿಗೆಂದು ಬರೆದಿದ್ದ ಸ್ಟೀವಿ ಎಂಬ ಅನುಕರಣೆಯೊಂದು ಸಿಕ್ಕಿತು. ಅದನ್ನು ತಿದ್ದುತ್ತ ಹೋದರು. 1991ರಲ್ಲಿ ಫ್ರೆಡ್ ಫಿಶ್ ಎಂಬವರು ಅಮಿಗಾ ಬಳಕೆದಾರರಿಗಾಗಿ ಸಂಗ್ರಹಿಸಿ ಹಂಚುತ್ತಿದ್ದ ಫ್ಲಾಪಿ ಮಾಲೆಯ 591ನೆಯ ಡಿಸ್ಕಿನಲ್ಲಿ ವಿಮ್ ಮೊದಲ ಬಾರಿಗೆ ಹೊರಬಂದಿತು. ಒಬ್ಬರು ಪ್ರತಿ ಮಾಡಿ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಪತ್ರಿಕೆಯೊಂದಿಗೆ ಬಂದ ಲಿನಕ್ಸ್ ಸಿಡಿಯನ್ನು ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ದಾಟಿಸಿದ, ಖಾಲಿ ಸಿಡಿ ತರಲು ಎಸ್.ಪಿ. ರಸ್ತೆಗೆ ಹೋದ ನಮ್ಮ ತಲೆಮಾರಿಗೆ ಆ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಗಾಂಡಾ ಬಂದದ್ದು 1994ರಲ್ಲಿ. ಆ ವರ್ಷ ಬ್ರಾಮ್ ದಕ್ಷಿಣ ಉಗಾಂಡಾದ ಕಿಬಾಲೆ ಎಂಬ ಸಣ್ಣ ಊರಿನ ಮಕ್ಕಳ ಕೇಂದ್ರದಲ್ಲಿ ಸ್ವಯಂಸೇವಕರಾಗಿ ಕುಡಿಯುವ ನೀರು, ನೈರ್ಮಲ್ಯದ ಕೆಲಸ ಮಾಡಿದರು. ತಾಂಜಾನಿಯಾದ ಗಡಿಗೆ ಹತ್ತಿರವಿರುವ ಆ ರಾಕಾಯ್ ಜಿಲ್ಲೆಯನ್ನು ಏಡ್ಸ್ ಮುಕ್ಕಿ ಹೋಗಿತ್ತು. ಮೂರೂವರೆ ಲಕ್ಷ ಜನಸಂಖ್ಯೆಯ ಜಿಲ್ಲೆಯಲ್ಲಿ ಸುಮಾರು 60,000 ಮಕ್ಕಳು ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೋ ಕಳೆದುಕೊಂಡಿದ್ದಾರೆ ಎಂದು ವಿಮ್‌ನ ಸಹಾಯ ಕಡತದಲ್ಲಿ ಅವರು ಬರೆದಿದ್ದಾರೆ. ಎಡಿಟರಿನ ಕೈಪಿಡಿಯಲ್ಲಿ, ವಾಕ್ಯ ಅಳಿಸುವುದು ಹೇಗೆ, ಪದ ಹುಡುಕುವುದು ಹೇಗೆ ಎಂಬ ಪುಟಗಳ ನಡುವೆ, ಈ ಅಂಕಿ ಇದೆ. ಊರಿಗೆ ಮರಳಿದ ಮೇಲೂ ಅವರು ಅದನ್ನು ಬಿಡಲಿಲ್ಲ. ತಂತ್ರಾಂಶಕ್ಕೆ ಬೆಲೆ ಕಟ್ಟುವ ಬದಲು ಕಿಬಾಲೆಗೆ ಕೊಡಿ ಎಂದರು.

"ಬಡ ಮಕ್ಕಳಿಗೆ ಸಹಾಯ ಮಾಡಿ" ಎಂಬ ಪದಗಳು ನನಗೆ ಮೊದಮೊದಲು ಇಷ್ಟವಾಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಬಿಳಿಯರ ದೇಶಗಳ ಕರಪತ್ರಗಳಲ್ಲಿ ನಮ್ಮ ಮಕ್ಕಳ ಫೋಟೋಗಳನ್ನೂ ಹೀಗೆಯೇ ಹಾಕಿದ್ದನ್ನು ಕಂಡವರು ನಾವು. ಆದರೆ ಆ ಸಾಲನ್ನು ಬರೆದವರು ಅಲ್ಲಿದ್ದು ನೀರಿನ ವ್ಯವಸ್ಥೆಗೆ ಕೈಹಾಕಿ ಬಂದವರು. ಅಳುವ ಮುಖದ ಚಿತ್ರವನ್ನು ಹಾಕಲು ಅವರ ಪರದೆಯಲ್ಲಿ ಜಾಗವೇ ಇರಲಿಲ್ಲ. ಬರೀ ಅಕ್ಷರ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ವಿಮ್ ನೋಡುವುದಿಲ್ಲ.

ಕಳೆದ ವರ್ಷ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ನಿನ್ನೆ ಉಗಾಂಡಾ ಅಂತ ಇತ್ತು, ಇವತ್ತು ಬೇರೆ ಏನೋ ಇದೆ" ಎಂದಳು. ಅವಳ ಪರದೆಯಲ್ಲಿ ವಿಮ್ ಬೆಳವಣಿಗೆಯನ್ನು ಪ್ರಾಯೋಜಿಸಿ ಎಂಬ ಸಾಲು ಇತ್ತು. ಇಬ್ಬರೂ ಕುಳಿತು ವಿಮ್‌ನ ಮೂಲ ಕೋಡನ್ನು ತೆರೆದೆವು. ಅದು ಗಡಿಯಾರದ ಸೆಕೆಂಡುಗಳ ಎರಡು ಬಿಟ್‌ಗಳನ್ನು ನೋಡಿ ಯಾವ ಸಾಲು ತೋರಿಸಬೇಕೆಂದು ನಿರ್ಧರಿಸುತ್ತದೆ. ಪ್ರತಿ ಎಂಟು ಸೆಕೆಂಡಿನಲ್ಲಿ ನಾಲ್ಕು ಸೆಕೆಂಡು ಉಗಾಂಡಾ, ಎರಡು ಸೆಕೆಂಡು ಪ್ರಾಯೋಜಿಸಿ, ಎರಡು ಸೆಕೆಂಡು ನೋಂದಾಯಿತ ಬಳಕೆದಾರರಾಗಿ. ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದೆವು, ಸರಿಯಾಗಿತ್ತು. ಬ್ರಾಮ್ 2006ರಲ್ಲಿ ಗೂಗಲ್ ಸೇರಿ ಸಂಬಳ ಬರತೊಡಗಿದ ಮೇಲೆ ಪ್ರಾಯೋಜನೆಯ ಹಣವನ್ನೂ ಕಿಬಾಲೆಗೇ ಕಳಿಸತೊಡಗಿದರು. ಹೀಗಾಗಿ ಮೂರು ಸಾಲುಗಳೂ ಒಂದೇ ಊರಿಗೆ ಹೋಗುವ ದಾರಿಗಳಾದವು. ಅಂದು ಮಧ್ಯಾಹ್ನ ಆ ಹುಡುಗಿಗೆ ವಹಿಸಿದ್ದ ಕೆಲಸ ಆಗಲಿಲ್ಲ. ನನ್ನ ಮಟ್ಟಿಗೆ ಪ್ರೋಗ್ರಾಮರುಗಳ ಸ್ನೇಹವೆಂದರೆ ಇದೇ: ಯಾವುದಕ್ಕೂ ಉಪಯೋಗವಿಲ್ಲದ ಒಂದು ಸಣ್ಣ ಗುಟ್ಟನ್ನು ಇಬ್ಬರು ಸೇರಿ ಬಿಡಿಸುವುದು, ಇಮ್ಯಾಕ್ಸ್ ಎಂಬ ಎದುರಾಳಿ ಎಡಿಟರ್ ಬಳಸುವವನನ್ನು ಊಟದ ಹೊತ್ತಿನಲ್ಲಿ ಕಿಚಾಯಿಸುವುದು, ಅವನ ಯಂತ್ರ ಕೆಟ್ಟಾಗ ಎಲ್ಲರಿಗಿಂತ ಮೊದಲು ಹೋಗಿ ಕೂರುವುದು. 2014ರಲ್ಲಿ ವಿಮ್‌ನ ನಡೆ ಒಪ್ಪದ ಕೆಲವರು ಬೇರೆಯಾಗಿ ನಿಯೋವಿಮ್ ಕಟ್ಟಿದರು. ಅವರೂ ಉಗಾಂಡಾದ ಸಾಲನ್ನು ತಮ್ಮ ಪರದೆಯಲ್ಲಿ ಉಳಿಸಿಕೊಂಡರು. ಹಿಸ್ಸೆಯಾಗಿ ಒಲೆ ಬೇರೆ ಹೂಡಿದ ಅಣ್ಣತಮ್ಮಂದಿರು ಮನೆದೇವರನ್ನು ಬಿಡದ ಹಾಗೆ.

ನಮ್ಮಲ್ಲಿ ಉಪ್ಪಿನ ಋಣ ಎನ್ನುತ್ತೇವೆ. ಇಪ್ಪತ್ತು ವರ್ಷ ನಾನು ಬರೆದ ಕೋಡೆಲ್ಲ ಈ ಎಡಿಟರಿನಲ್ಲೇ ಬರೆದದ್ದು. ಮನೆಯ ಸಾಲದ ಕಂತು, ಮಗನ ಶಾಲೆಯ ಶುಲ್ಕ ಎಲ್ಲವೂ ಅದರಿಂದಲೇ. ಉಪ್ಪು ಕೊಟ್ಟವನು ತನಗೇನೂ ಬೇಡ, ಅಲ್ಲೊಬ್ಬ ಮಗುವಿಗೆ ಕೊಡು ಎಂದರೆ ಋಣ ತೀರಿಸುವ ದಾರಿ ಸುಲಭವಾಗುತ್ತದೆ, ತಪ್ಪಿಸಿಕೊಳ್ಳುವ ನೆಪ ಮಾತ್ರ ಉಳಿಯುವುದಿಲ್ಲ. ಬೆಂಗಳೂರಿನ ಐಟಿ ಸಂಪತ್ತಿನ ಬಹುಪಾಲು ಇಂಥ ಬಿಟ್ಟಿ ಉಪ್ಪಿನ ಮೇಲೆ ನಿಂತಿದೆ. ಕಂಪನಿಗಳು 2013ರ ಕಾಯಿದೆಯಂತೆ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗೆ ಕೊಡುತ್ತವೆ, ಅದರಿಂದ ಶಾಲೆಗಳಿಗೆ ಶೌಚಾಲಯವಾಗಿದೆ, ಅದನ್ನು ಹಳಿಯಲಾರೆ. ಆದರೆ ನಾನು ಹಿಂದೆ ಕೆಲಸ ಮಾಡಿದ ಕಂಪನಿಯೊಂದರಲ್ಲಿ ನೌಕರರು ಕೊಟ್ಟ ದೇಣಿಗೆಗೆ ಅಷ್ಟೇ ಮೊತ್ತ ಸೇರಿಸುವ ಯೋಜನೆಯಿತ್ತು. ವಿಮ್‌ನ ಹೆಸರು ಹೇಳಿದಾಗ, ಪಟ್ಟಿಯಲ್ಲಿ ಇಲ್ಲ, ಫೋಟೋ ತೆಗೆಯುವ ಕಾರ್ಯಕ್ರಮ ಇದೆಯೇ ಎಂದು ಕೇಳಿದರು. ಆ ಕಟ್ಟಡದಲ್ಲಿ ಎಷ್ಟು ಸರ್ವರುಗಳಲ್ಲಿ ವಿಮ್ ಇತ್ತು ಎಂದು ಕೇಳುವ ಮನಸ್ಸಾಗಿತ್ತು, ಕೇಳಲಿಲ್ಲ.

ಕನ್ನಡದವರು ಈ ವಿಷಯದಲ್ಲಿ ಬೇರೆಯವರತ್ತ ಬೆರಳು ತೋರುವಂತಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಕೊಟ್ಟಾಗ ನಾವು ಹಣ ತೆತ್ತಿರಲಿಲ್ಲ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೆ ಹೋಯಿತು, ಅದರಲ್ಲಿ ದಿನವಿಡೀ ಟೈಪ್ ಮಾಡುವವರಲ್ಲಿ ಅವರ ಹೆಸರು ತಿಳಿದವರು ಎಷ್ಟು ಮಂದಿ? ವಿಮ್‌ನಲ್ಲಿ ಕನ್ನಡ ಬರೆಯಲು ಹೋದರೆ ನನ್ನ ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ಇವತ್ತಿಗೂ ಚೆಲ್ಲಾಪಿಲ್ಲಿಯಾಗುತ್ತವೆ. ಯಾರಾದರೂ ಸರಿಪಡಿಸಬಾರದೇ ಎಂದು ಹತ್ತು ವರ್ಷ ಗೊಣಗಿದ್ದೇನೆ. ಆ "ಯಾರಾದರೂ" ನಾನೂ ಆಗಬಹುದಿತ್ತು.

ಬ್ರಾಮ್ 2023ರ ಆಗಸ್ಟ್ 3ರಂದು ತೀರಿಕೊಂಡರು. ಅರವತ್ತೆರಡು ವರ್ಷ. ಕೆಲವೇ ವಾರಗಳಲ್ಲಿ ಉಲ್ಬಣಿಸಿದ ಕಾಯಿಲೆ ಎಂದು ಮನೆಯವರು ತಿಳಿಸಿದರು. ಸುದ್ದಿ ಬಂದ ಸಂಜೆ ಹಳೆಯ ಲ್ಯಾಬಿನ ಮೂವರು ಗೆಳೆಯರು ಫೋನ್ ಮಾಡಿದರು, ಒಬ್ಬ ಡಲ್ಲಾಸಿನಿಂದ. ಯಾರಿಗೂ ಏನು ಹೇಳಬೇಕೆಂದು ತೋಚದೆ, ನಾನು ಸ್ವಿಚ್ ಆರಿಸಿದ ಕಥೆಯನ್ನೇ ಮತ್ತೆ ಹೇಳಿಕೊಂಡು ನಕ್ಕೆವು. ಆಮೇಲೆ ಒಬ್ಬ, "ನಾವು ಯಾವತ್ತಾದ್ರೂ ದುಡ್ಡು ಕಳಿಸಿದ್ವೇನೋ?" ಎಂದ. ಯಾರೂ ಕಳಿಸಿರಲಿಲ್ಲ. ಬ್ಯಾಂಕಿಗೆ ಹೋದದ್ದು ಅದರ ಮರುವಾರ.

ಈಗ ಕ್ರಿಶ್ಚಿಯನ್ ಬ್ರಾಬಾಂಟ್ ಮತ್ತು ಇತರರು ವಿಮ್ ನಡೆಸುತ್ತಿದ್ದಾರೆ. 2024ರ ಜನವರಿಯ 9.1 ಆವೃತ್ತಿಯನ್ನು ಬ್ರಾಮ್ ನೆನಪಿಗೆ ಅರ್ಪಿಸಿದರು. ನಾನು ಅಂದು ಹಣ ಕಳಿಸಿದ್ದ ಐಸಿಸಿಎಫ್‌ನ ಕೆಲಸ, ಬಹಳ ಕಾಲದಿಂದ ಕಿಬಾಲೆಯ ಜೊತೆಗಿದ್ದ ಕೆನಡಾದ ಕುವಾಶಾ ಸಂಸ್ಥೆಗೆ ಹೋಗಿದೆ. ಉಗಾಂಡಾದ ಸಾಲು ಪರದೆಯಲ್ಲಿ ಇದ್ದಲ್ಲೇ ಇದೆ. ಈಚೆಗೆ ಅದೇ ಬ್ಯಾಂಕ್ ಶಾಖೆಗೆ ಹೋದಾಗ ಕೌಂಟರಿನಲ್ಲಿ ಎಳೆಯ ಹುಡುಗನೊಬ್ಬನಿದ್ದ. ಅರ್ಜಿಯಲ್ಲಿ ಕೆನಡಾ ಎಂಬುದನ್ನಷ್ಟೇ ನೋಡಿ, "ಮಗ ಓದ್ತಿದ್ದಾನಾ ಸರ್ ಅಲ್ಲಿ?" ಎಂದ.

"ಮಕ್ಕಳು ಓದ್ತಿದ್ದಾರೆ" ಎಂದೆ.