ಕಂಕುಳಿನ ಕೆಳಗಷ್ಟೇ ಕೈ

ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯೂಫಾದ ರೆಫರಿ ಸಮಿತಿಗೆ ಮೊದಲು ಒಂದು ಅಭಿನಂದನೆ. 2024ರ ಜುಲೈ 5ರಂದು ಸ್ಟುಟ್‌ಗಾರ್ಟ್‌ನಲ್ಲಿ, ಯೂರೊ ಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ, ಜರ್ಮನಿಯ ಮುಸಿಯಾಲಾ ಒದ್ದ ಚೆಂಡು ಸ್ಪೇನ್‌ನ ಡಿಫೆಂಡರ್ ಕುಕುರೆಯಾನ ಕೈಗೆ ಬಡಿದದ್ದು ಇಡೀ ಜರ್ಮನಿಗೆ ಆ ಕ್ಷಣವೇ ಕಂಡಿತ್ತು. ಸಮಿತಿಗೆ ಸೆಪ್ಟೆಂಬರ್‌ನಲ್ಲಿ ಕಂಡಿತು. ಕೈ ಮೈಗೆ ತೀರಾ ಹತ್ತಿರವೇನೂ ಇರಲಿಲ್ಲ, ಗೋಲಿನತ್ತ ಹೊರಟಿದ್ದ ಚೆಂಡನ್ನು ಅದು ತಡೆಯಿತು, ಆದ್ದರಿಂದ ಪೆನಾಲ್ಟಿ (ಗೋಲ್‌ಕೀಪರ್ ಒಬ್ಬನೇ ಎದುರಿರುವ ಒದೆತ) ಕೊಡಬೇಕಿತ್ತು ಎಂದು ಟಿಪ್ಪಣಿ ಬಂತು. ಅಷ್ಟು ಹೊತ್ತಿಗೆ ಸ್ಪೇನ್ 119ನೇ ನಿಮಿಷದ ಗೋಲಿನಿಂದ ಜರ್ಮನಿಯನ್ನು ಮನೆಗೆ ಕಳಿಸಿ (ಜರ್ಮನಿ ತನ್ನ ಮನೆಯಲ್ಲೇ ಆಡುತ್ತಿತ್ತು, ಅದು ಬೇರೆ ಮಾತು), ಫ್ರಾನ್ಸನ್ನು ಮುಗಿಸಿ, ಇಂಗ್ಲೆಂಡನ್ನು ಮುಗಿಸಿ, ಕಪ್ ಎತ್ತಿ, ಊರಿಗೆ ಹೋಗಿ, ಮೆರವಣಿಗೆ ಮಾಡಿಸಿಕೊಂಡು, ರಜೆಯನ್ನೂ ಕಳೆದು ಬಂದಾಗಿತ್ತು.

ಟಿಪ್ಪಣಿ ಓದಿ ಜರ್ಮನ್ನರಿಗೆ ಎಷ್ಟು ಸಮಾಧಾನ ಆಯಿತೋ ಗೊತ್ತಿಲ್ಲ. ಅವರು ಅದಕ್ಕೆ ಮೊದಲೇ ತಮ್ಮದೇ ರೀತಿಯಲ್ಲಿ ತೀರ್ಪು ಕೊಟ್ಟಿದ್ದರು. ಮ್ಯೂನಿಕ್‌ನ ಸೆಮಿಫೈನಲ್ ಪೂರ್ತಿ ಕುಕುರೆಯಾನ ಕಾಲಿಗೆ ಚೆಂಡು ಬಂದಾಗಲೆಲ್ಲ ಗ್ಯಾಲರಿ ಬೊಬ್ಬೆ ಹೊಡೆಯಿತು. ಪಾಪ, ಆ ಗುಂಗುರು ಕೂದಲಿನ ಮನುಷ್ಯ ಮಾಡಿದ ತಪ್ಪಾದರೂ ಏನು? ಹಿಂದಕ್ಕೆ ಸರಿಯುತ್ತಿದ್ದ, ಕೈ ಜೊತೆಗಿತ್ತು. ಕೈಯನ್ನು ಡ್ರೆಸಿಂಗ್ ರೂಮಿನಲ್ಲಿ ಬಿಟ್ಟು ಬರುವ ವ್ಯವಸ್ಥೆ ಇನ್ನೂ ಆಗಿಲ್ಲ.

ಉದ್ದೇಶ ಇತ್ತೋ ಇರಲಿಲ್ಲವೋ ಎಂದು ಬರೆದಿಡುವ ಕೆಲಸ ನಮ್ಮ ಕಡೆ ಚಿತ್ರಗುಪ್ತನದು. ಅವನಿಗಾದರೂ ಆಸಾಮಿ ಸತ್ತು ಬರುವವರೆಗೆ ಪುರುಸೊತ್ತಿತ್ತು. ಫುಟ್‌ಬಾಲ್ ರೆಫರಿಗೆ ಇರುವುದು ಅರ್ಧ ಸೆಕೆಂಡು, ಒಂದು ಸೀಟಿ, ಕಿವಿಯಲ್ಲಿ ವಿಎಆರ್ ಕೋಣೆಯವರ (ವಿಡಿಯೊ ನೋಡಿ ತಿದ್ದುವ ರೆಫರಿಗಳ) ಪಿಸುಮಾತು. ಬಹಳ ಕಾಲ ನಿಯಮ ಒಂದೇ ಮಾತು ಹೇಳುತ್ತಿತ್ತು: ಬೇಕೆಂದೇ ಮುಟ್ಟಿದರೆ ತಪ್ಪು. ಮನಸ್ಸಿನೊಳಗೆ ಇಣುಕುವುದು ಕಷ್ಟ ಎಂದು 2019ರಲ್ಲಿ ನಿಯಮ ಮಾಡುವ ಮಂಡಳಿಗೆ ಜ್ಞಾನೋದಯವಾಯಿತು. ಸರಿ, ಮನಸ್ಸು ಬೇಡ, ಮೈ ಅಳೆಯೋಣ ಎಂದರು. ಕೈಯಿಂದಾಗಿ ಆಟಗಾರನ ದೇಹ ಅಸಹಜವಾಗಿ ದೊಡ್ಡದಾಗಿದ್ದರೆ ತಪ್ಪು. ಆದರೆ ಆ ಸಂದರ್ಭದ ಚಲನೆಗೆ ಕೈ ಅಲ್ಲಿರುವುದು ನ್ಯಾಯವೇ ಆಗಿದ್ದರೆ ತಪ್ಪಲ್ಲ. ಗೋಲು ಹೊಡೆಯುವಾಗ ಅಕಸ್ಮಾತ್ ತಗುಲಿದರೂ ತಪ್ಪು. ಜೊತೆಗಾರನಿಗೆ ಅಕಸ್ಮಾತ್ ತಗುಲಿ ನೀವು ಗೋಲು ಹೊಡೆದರೆ? 2019ರಲ್ಲಿ ತಪ್ಪು, 2021ರಿಂದ ತಪ್ಪಲ್ಲ.

ಅಷ್ಟೆಲ್ಲ ಕಷ್ಟಪಟ್ಟು ಮುಂಬಾಗಿಲಿನಿಂದ ಆಚೆ ಅಟ್ಟಿದ ಉದ್ದೇಶವನ್ನು 2024ರಲ್ಲಿ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಕರೆದರು. ಕೈ ತಗುಲಿಸಿ ಖಚಿತ ಗೋಲಿನ ಅವಕಾಶ ತಪ್ಪಿಸಿ ಪೆನಾಲ್ಟಿಗೆ ಕಾರಣನಾದವನು ಬೇಕೆಂದು ಮಾಡಿರದಿದ್ದರೆ ಇನ್ನು ಮೇಲೆ ಆಟದಿಂದಲೇ ಹೊರಹಾಕುವ ಕೆಂಪು ಕಾರ್ಡ್ ಬದಲು ಎಚ್ಚರಿಕೆಯ ಹಳದಿ. ಅಂದರೆ ರೆಫರಿ ಮೊದಲು ಮೈ ಅಳೆದು ಪೆನಾಲ್ಟಿ ಕೊಡಬೇಕು, ಆಮೇಲೆ ಮನಸ್ಸಿಗೆ ಇಳಿದು ಕಾರ್ಡಿನ ಬಣ್ಣ ಆರಿಸಬೇಕು.

ಈ ಮಂಡಳಿ ಯಾವುದು ಎಂದರೆ ಐಎಫ್‌ಎಬಿ. 1886ರಲ್ಲಿ ಹುಟ್ಟಿದ್ದು. ಒಟ್ಟು ಎಂಟು ಮತ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಒಂದೊಂದು. ಬ್ರೆಜಿಲ್, ಅರ್ಜೆಂಟೀನಾ, ಜರ್ಮನಿ, ಭಾರತ ಮುಂತಾದ ಚಿಲ್ಲರೆ ದೇಶಗಳಿಗೆಲ್ಲ ಸೇರಿ ಜಾಗತಿಕ ಸಂಸ್ಥೆ ಫಿಫಾ ಮೂಲಕ ನಾಲ್ಕು. ನಿಯಮ ಬದಲಾಗಬೇಕಾದರೆ ಆರು ಮತ ಬೇಕು. ವೇಲ್ಸ್‌ನ ಜನ ತೀರಾ ಸಭ್ಯರು, ಅವರ ಮೇಲೆ ನನಗೇನೂ ಸಿಟ್ಟಿಲ್ಲ.

ಇಂಥ ಮಂಡಳಿ 2020ರಲ್ಲಿ ಮನುಕುಲದ ಒಂದು ಹಳೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು: ಕೈ ಎಲ್ಲಿಂದ ಶುರುವಾಗುತ್ತದೆ? ಉತ್ತರವೂ ಸಿಕ್ಕಿತು. ಕಂಕುಳಿನ ತಳಕ್ಕೆ ನೇರವಾಗಿ ಒಂದು ಗೆರೆ. ಗೆರೆಯ ಮೇಲಿದ್ದರೆ ಭುಜ, ಕೆಳಗಿದ್ದರೆ ಕೈ. ಅನುಮಾನ ಇರಬಾರದೆಂದು ಹಸಿರು, ಕೆಂಪು ಬಣ್ಣ ತುಂಬಿದ ಚಿತ್ರವನ್ನೂ ಅಚ್ಚು ಹಾಕಿಸಿದರು. ಇದಕ್ಕೆ ಸಭೆ ಯಾಕೆ ಬೇಕಿತ್ತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮ ಯಾವ ಊರಿನ ಬ್ಲೌಸ್ ಹೊಲಿಯುವವರನ್ನು ಕೇಳಿದ್ದರೂ ಕೊರಳಲ್ಲಿದ್ದ ಟೇಪು ತೆಗೆದು, "ತೋಳು ಇಲ್ಲಿಂದ ಕಣಮ್ಮ, ಅರ್ಧ ತೋಳೋ ಮುಕ್ಕಾಲೋ ಹೇಳಿ" ಎಂದು ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು. ಗುರುವಾರ ಕೊಡುತ್ತೇನೆಂದು ಹೇಳಿ ಮುಂದಿನ ಗುರುವಾರ ಕೊಡುತ್ತಿದ್ದರು, ಅದು ನಿಜ. ಯೂಫಾದಷ್ಟು ತಡವಂತೂ ಆಗುತ್ತಿರಲಿಲ್ಲ. ಆಫ್‌ಸೈಡ್‌ಗೂ (ಪಾಸ್ ಬರುವ ಮೊದಲೇ ಎದುರಾಳಿಗಳನ್ನು ದಾಟಿ ಗೋಲಿನ ಹತ್ತಿರ ನಿಂತಿರುವ ತಪ್ಪಿಗೂ) ಇದೇ ಗೆರೆ. ಗೋಲು ಹೊಡೆಯಲು ಭುಜ ನಡೆಯುತ್ತದೆ, ಆದ್ದರಿಂದ ಭುಜ ಆಫ್‌ಸೈಡ್ ಆಗಬಹುದು. ಕೈ ನಡೆಯುವುದಿಲ್ಲ, ಆದ್ದರಿಂದ ಆಗುವುದಿಲ್ಲ. ಬೆವರಿಗೆ ಅಂಟಿಕೊಂಡ ಜೆರ್ಸಿಯ ಮೇಲೆ ಈ ಗೆರೆಯನ್ನು ಯಾರು, ಎಲ್ಲಿ, ಯಾವ ಫ್ರೇಮಿನಲ್ಲಿ ಎಳೆಯುತ್ತಾರೆ ಎಂದು ಮಾತ್ರ ಕೇಳಬೇಡಿ.

ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅಂಥ ಬೀದಿಗಳ ಫುಟ್‌ಬಾಲಿನಲ್ಲಿ ಕಂಕುಳು ಯಾರಿಗೂ ತಲೆನೋವಾಗಿಲ್ಲ. ಮುಟ್ಟಿತೋ? ಹ್ಯಾಂಡ್! ಮುಟ್ಟಲಿಲ್ಲ ಎಂದರೆ ಜಗಳ, ಜಗಳ ಬೆಳೆದರೆ ಚೆಂಡು ತಂದವನ ಮಾತೇ ಕೊನೆ. ಇದರಲ್ಲಿ ನ್ಯಾಯ ಇಲ್ಲದಿರಬಹುದು, ಆದರೆ ಸಂಜೆಯೊಳಗೆ ಮುಗಿಯುತ್ತದೆ.

ಅಂದಹಾಗೆ ಫುಟ್‌ಬಾಲಿಗೂ ಕೈಗೂ ಹುಟ್ಟಿನಿಂದ ವೈರವೇನಿಲ್ಲ. 1863ರ ಮೊದಲ ನಿಯಮಾವಳಿಯಲ್ಲಿ ಚೆಂಡನ್ನು ಗಾಳಿಯಲ್ಲೇ ಹಿಡಿದು, ಹಿಮ್ಮಡಿಯಿಂದ ನೆಲಕ್ಕೊಂದು ಗುರುತು ಹಾಕಿದರೆ ಫ್ರೀ ಕಿಕ್ ಸಿಗುತ್ತಿತ್ತು. ಹಿಡಿದುಕೊಂಡು ಓಡಬಾರದು, ಅಷ್ಟೇ. ಗೋಲ್‌ಕೀಪರ್ ಎಂಬ ಪ್ರಾಣಿ ನಿಯಮದೊಳಗೆ ಬಂದದ್ದು 1871ರಲ್ಲಿ. 1912ರವರೆಗೆ ಅವನು ತನ್ನ ಅರ್ಧ ಮೈದಾನದಲ್ಲೆಲ್ಲ ಚೆಂಡು ಮುಟ್ಟಬಹುದಿತ್ತು.

ಪೆನಾಲ್ಟಿಯ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಸೂಚಿಸಿದವನು ಐರ್ಲೆಂಡಿನ ವಿಲಿಯಂ ಮೆಕ್‌ಕ್ರಮ್. ಸ್ವತಃ ಗೋಲ್‌ಕೀಪರ್! ತನ್ನ ಕುತ್ತಿಗೆಗೆ ತಾನೇ ಹಗ್ಗ ನೇಯ್ದ ಮಹಾನುಭಾವ. ಲಂಡನ್ನಿನ ದೊಡ್ಡವರಿಗೆ ಇದು ಅವಮಾನ ಅನಿಸಿತು. ಸಭ್ಯ ಮನೆತನದ ಹುಡುಗರು ಬೇಕೆಂದು ತಪ್ಪು ಮಾಡುತ್ತಾರೆಂದು ಊಹಿಸುವುದೇ ಅಸಭ್ಯ ಎಂದರು. ಅಷ್ಟರಲ್ಲಿ 1891ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನಾಟ್ಸ್ ಕೌಂಟಿಯ ಒಬ್ಬ ಡಿಫೆಂಡರ್ ಗೋಲಿನ ಗೆರೆಯ ಮೇಲೆಯೇ ಚೆಂಡನ್ನು ಕೈಯಿಂದ ಹೊರಗೆ ಹಾಕಿದ. ಎದುರಾಳಿ ಸ್ಟೋಕ್‌ಗೆ ಸಿಕ್ಕಿದ ಫ್ರೀ ಕಿಕ್‌ಗೆ ಗೋಲ್‌ಕೀಪರ್ ಚೆಂಡಿನ ಎದುರೇ ನಿಂತುಬಿಟ್ಟ, ಕಥೆ ಮುಗಿಯಿತು. ಅದೇ ಜೂನ್‌ನಲ್ಲಿ ಪೆನಾಲ್ಟಿ ಜಾರಿಗೆ ಬಂತು. ಕೊರಿಂಥಿಯನ್ಸ್ ಎಂಬ ಹವ್ಯಾಸಿ ತಂಡದವರು ಮಾತ್ರ ಆಮೇಲೂ ಜಗ್ಗಲಿಲ್ಲವಂತೆ. ಎದುರಾಳಿಗೆ ಪೆನಾಲ್ಟಿ ಸಿಕ್ಕಿದರೆ ಅವರ ಕೀಪರ್ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ, ತಮಗೇ ಸಿಕ್ಕಿದರೆ ಹೊರಗೆ ಒದೆಯುತ್ತಿದ್ದರು ಎಂದು ಕಥೆ. ಇಂಥವರ ಕಾಲದಲ್ಲಿ ವಿಎಆರ್ ಇದ್ದಿದ್ದರೆ ಆ ಕೋಣೆಯಲ್ಲಿ ಇಡೀ ದಿನ ಚಹಾ ಕುಡಿಯುವುದೊಂದೇ ಕೆಲಸ.

ಈಗ ಆ ಕೋಣೆಯಲ್ಲಿ ಬಿಡುವೇ ಇಲ್ಲ. ಅದೇ ಯೂರೊದಲ್ಲಿ, ಸ್ಟುಟ್‌ಗಾರ್ಟ್‌ಗೆ ಆರು ದಿನ ಮೊದಲು, ಡಾರ್ಟ್‌ಮುಂಡ್‌ನಲ್ಲಿ ಜರ್ಮನಿ ಮತ್ತು ಡೆನ್ಮಾರ್ಕ್. ನಮ್ಮಲ್ಲಿ ರಾತ್ರಿ ಹನ್ನೆರಡೂವರೆಗೆ ಶುರುವಾದ ಪಂದ್ಯ, ಗುಡುಗು ಸಿಡಿಲಿಗೆ ಮಧ್ಯೆ ನಿಂತೂ ಹೋಯಿತು. ದ್ವಿತೀಯಾರ್ಧದಲ್ಲಿ ಡೆನ್ಮಾರ್ಕ್‌ನ ಡಿಫೆಂಡರ್ ಯೋಕಿಮ್ ಆಂಡರ್ಸನ್ ಗೋಲು ಹೊಡೆದ. ಜೊತೆಗಾರನ ಬೂಟಿನ ತುದಿ ಆಫ್‌ಸೈಡ್ ಎಂದು ಗೋಲು ಹೋಯಿತು. ಐದಾರು ನಿಮಿಷ ಕಳೆಯುವುದರೊಳಗೆ ಅದೇ ಆಂಡರ್ಸನ್‌ನ ಬೆರಳಿಗೆ ಹತ್ತಿರದಿಂದ ಬಂದ ಕ್ರಾಸ್ ಸವರಿತು. ಚೆಂಡಿನ ಹೊಟ್ಟೆಯಲ್ಲಿ ಸೆನ್ಸರ್ ಇತ್ತು. ಟಿವಿಯಲ್ಲಿ ಒಂದು ಗೆರೆ ನೆಟ್ಟಗೆ ಬಂದು, ಬೆರಳಿನ ಹತ್ತಿರ ಕುಣಿದು, ಮತ್ತೆ ನೆಟ್ಟಗಾಯಿತು. ಕ್ರಿಕೆಟ್ ನೋಡಿ ಬೆಳೆದ ನಮಗೆ ಅದು ಹಳೆಯ ಸ್ನಿಕೊ. ಆದರೆ ಅಲ್ಲಿ ಬ್ಯಾಟ್ ಸವರಿತೋ ಇಲ್ಲವೋ ಎಂಬುದೇ ಪ್ರಶ್ನೆ. ಇಲ್ಲಿ ಚೆಂಡು ಕೈಗೆ ತಗುಲಿತೆಂದು ಎಲ್ಲರೂ ಒಪ್ಪಿದ ಮೇಲೆ ಉಳಿಯುವ ಪ್ರಶ್ನೆ ಇದೆಯಲ್ಲ, ಓಡುತ್ತಿರುವ ಮನುಷ್ಯ ಕೈಯನ್ನು ಎಲ್ಲಿಡಬೇಕಿತ್ತು ಎಂಬುದು, ಅದಕ್ಕೆ ಆ ಗೆರೆ ಕುಣಿಯುವುದಿಲ್ಲ. ಪೆನಾಲ್ಟಿ ಕೊಟ್ಟರು. ಗೋಲು ಹೊಡೆದವನ ಹೆಸರು ಕೈ ಹಾವರ್ಟ್ಸ್. ನಾನು ಏನೂ ಹೇಳುವುದಿಲ್ಲ.

ಬೆರಳು ಸವರಿದ್ದಕ್ಕೆ ಪೆನಾಲ್ಟಿ, ಆರು ದಿನದ ನಂತರ ಗೋಲಿಗೆ ಹೊರಟ ಚೆಂಡು ಕೈಗೆ ಬಡಿದರೆ ಆಟ ಮುಂದುವರಿಸಿ. ಒಂದೇ ಟೂರ್ನಿ, ಒಂದೇ ನಿಯಮಪುಸ್ತಕ, ರೆಫರಿಗಳು ಇಬ್ಬರೂ ಇಂಗ್ಲೆಂಡಿನವರೇ. ಮೊದಲು ಜರ್ಮನಿಗೆ ಲಾಭ, ಆಮೇಲೆ ಜರ್ಮನಿಗೆ ನಷ್ಟ. ಲೆಕ್ಕ ಚುಕ್ತಾ ಎನ್ನುವವರಿದ್ದಾರೆ. ಡೆನ್ಮಾರ್ಕ್‌ನವರನ್ನು ಕೇಳಿ ಹೇಳಲಿ.

ಇಂಗ್ಲೆಂಡಿನ ಟಾಟನಮ್ ಕ್ಲಬ್‌ನ ಡಿಫೆಂಡರ್ ಆಗಿದ್ದ ಎರಿಕ್ ಡಯರ್‌ನನ್ನು ನೆನಪಿಸಿಕೊಳ್ಳಿ. 2020ರ ಸೆಪ್ಟೆಂಬರ್, ನ್ಯೂಕ್ಯಾಸಲ್ ಎದುರು ಕೊನೆಯ ನಿಮಿಷಗಳು. ಡಯರ್ ಹಾರಿದ್ದಾನೆ, ಹಾರಿದವರಿಗೆ ಕೈ ಮೇಲೇಳುತ್ತದೆ, ಹಿಂದೆ ನಿಂತ ನ್ಯೂಕ್ಯಾಸಲ್‌ನ ಕ್ಯಾರಲ್ ತಲೆಯಿಂದ ಹೊಡೆದ ಚೆಂಡು ಆ ಕೈಗೆ ಬಂದು ಬಡಿಯಿತು. ಡಯರ್ ಚೆಂಡಿಗೆ ಬೆನ್ನು ಹಾಕಿದ್ದ. ಬೆನ್ನಿಗೆ ಕಣ್ಣಿಲ್ಲ ಎಂಬುದು ನಿಯಮಪುಸ್ತಕಕ್ಕೆ ತಿಳಿಯದ ವಿಷಯ. ಪೆನಾಲ್ಟಿ, ಗೋಲು, ಪಂದ್ಯ ಸಮ. ಲಾಭ ಪಡೆದ ನ್ಯೂಕ್ಯಾಸಲ್‌ನ ಮ್ಯಾನೇಜರ್ ಸ್ಟೀವ್ ಬ್ರೂಸ್ ಕೂಡ ಇದೇನು ಅಸಂಬದ್ಧ ಎಂದರು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ವ್ಯಾಖ್ಯಾನ ಸಡಿಲವಾಯಿತು. ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ, ಓದುವ ಕನ್ನಡಕ ಮಾತ್ರ ಬದಲಾಯಿತು. ನ್ಯೂಕ್ಯಾಸಲ್‌ನ ಪಾಳಿ 2023ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಬಂತು: ಅವರ ಡಿಫೆಂಡರ್ ಲಿವ್ರಾಮೆಂಟೊನ ಮೈಗೆ ಬಡಿದು ಮೊಣಕೈಗೆ ಚಿಮ್ಮಿದ ಚೆಂಡಿಗೆ 98ನೇ ನಿಮಿಷದಲ್ಲಿ ಪೆನಾಲ್ಟಿ.

ಓದುತ್ತಿರುವವರು ಒಮ್ಮೆ ಎದ್ದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಷ್ಟಾಗುತ್ತದೋ ಅಷ್ಟು ಎತ್ತರಕ್ಕೆ ಹಾರಿ ನೋಡಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರಾದರೂ ಇರಲಿ. ಪೆನಾಲ್ಟಿ ಆವರಣದಲ್ಲಿ ಇವತ್ತಿನ ಡಿಫೆಂಡರ್‌ಗಳು ಹೀಗೇ ಕೈಕಟ್ಟಿಕೊಂಡು ಓಡಾಡುತ್ತಾರೆ, ಅದೂ ಎಂಬಾಪೆಯಂಥ ಮಿಂಚಿನ ಓಟಗಾರರ ಎದುರು. ಸಹಜವಲ್ಲದ ಭಂಗಿಗೆ ಶಿಕ್ಷೆ ಎಂದು ನಿಯಮ ಮಾಡಿ ಕೊನೆಗೆ ಸಾಧಿಸಿದ್ದು ಈ ಭಂಗಿಯನ್ನು.

ಇಷ್ಟೆಲ್ಲ ನಗುತ್ತ ಬರೆಯಬಹುದು. ಬರೆಯುತ್ತ ಹೋದಂತೆ ನಗು ಬತ್ತುತ್ತದೆ. ಯಾಕೆಂದರೆ ಬೇಕೆಂದೇ ಕೈ ಹಾಕಿದವರ ವಿಷಯದಲ್ಲಿ ಯಾರಿಗೂ ಯಾವ ಚರ್ಚೆಯೂ ಬೇಕಾಗಿರಲಿಲ್ಲ. ಅವರ ಉದ್ದೇಶ ಬಟಾಬಯಲಾಗಿತ್ತು. ಅವರೇ ಗೆದ್ದರು.

1986ರ ಜೂನ್ 22, ವಿಶ್ವಕಪ್, ಮೆಕ್ಸಿಕೊದ ಅಜ್ಟೆಕಾ ಮೈದಾನ. ಅರ್ಜೆಂಟೀನಾದ ಮರಡೋನಾ ಮುಷ್ಟಿಯಿಂದ ಇಂಗ್ಲೆಂಡಿನ ಕೀಪರ್ ಶಿಲ್ಟನ್‌ನ ತಲೆಯ ಮೇಲೆ ಚೆಂಡು ದಾಟಿಸಿದ್ದು ಗ್ಯಾಲರಿಯ ಅರ್ಧ ಜನಕ್ಕೆ ಕಂಡಿತು, ಟ್ಯುನೀಷಿಯಾದ ರೆಫರಿ ಅಲಿ ಬಿನ್ ನಾಸರ್‌ಗೆ ಕಾಣಲಿಲ್ಲ. ಆ ಚೆಂಡನ್ನು ರೆಫರಿ ಮನೆಗೆ ಒಯ್ದಿದ್ದರು, 2022ರಲ್ಲಿ ಹರಾಜಿಗಿಟ್ಟರು, 20 ಲಕ್ಷ ಪೌಂಡ್ ಬಂತು. ಚೆಂಡನ್ನು ತಪ್ಪಾಗಿ ಒದ್ದು ಮರಡೋನಾನ ಕಡೆಗೆ ಹಾರಿಸಿದ ಇಂಗ್ಲೆಂಡಿನ ಸ್ಟೀವ್ ಹಾಜ್ ಪಂದ್ಯ ಮುಗಿದ ಮೇಲೆ ಜೆರ್ಸಿ ಬದಲಿಸಿಕೊಂಡಿದ್ದ. ಅದಕ್ಕೆ ಅದೇ ವರ್ಷ 71 ಲಕ್ಷ ಪೌಂಡ್. ಕಾಣದಿದ್ದವರಿಗೂ ದುಡ್ಡು, ತಪ್ಪಿ ಒದ್ದವನಿಗೂ ದುಡ್ಡು. ಮೋಸ ಹೋದ ಶಿಲ್ಟನ್‌ಗೆ ಸಿಕ್ಕಿದ್ದು ಸಿಟ್ಟು, ಅದನ್ನು ಅವರು ಇನ್ನೂ ಖರ್ಚು ಮಾಡಿ ಮುಗಿಸಿಲ್ಲ.

2009ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ತಿಯರಿ ಆನ್ರಿ ಚೆಂಡನ್ನು ಕೈಯಲ್ಲಿ ಒಮ್ಮೆಯಲ್ಲ, ಎರಡು ಸಲ ಸಂಭಾಳಿಸಿ ಗೋಲು ಹೊಡೆಯಲು ಜೊತೆಗಾರ ಗಲ್ಲಾಸ್‌ಗೆ ಒಪ್ಪಿಸಿದ. ಐರ್ಲೆಂಡ್ ವಿಶ್ವಕಪ್‌ನಿಂದ ಹೊರಗೆ. ಕೈ ತಗುಲಿದ್ದು ಹೌದು, ಆದರೆ ರೆಫರಿ ನಾನಲ್ಲವಲ್ಲ ಎಂದ ಆನ್ರಿ. ನಮ್ಮನ್ನು 33ನೇ ತಂಡವಾಗಿ ಸೇರಿಸಿಕೊಳ್ಳಿ ಎಂದು ಐರಿಷರು ಫಿಫಾವನ್ನು ಬೇಡಿಕೊಂಡರು, ಅದು ಜಗತ್ತಿನೆದುರು ನಗೆಪಾಟಲಾಯಿತು. ಫಿಫಾ ಕೋರ್ಟಿನ ತಂಟೆ ತಪ್ಪಿಸಲು ಅವರ ಸಂಸ್ಥೆಗೆ 50 ಲಕ್ಷ ಯೂರೊ ಕೊಟ್ಟು ಕೈತೊಳೆದುಕೊಂಡದ್ದು 2015ರಲ್ಲಿ ಬಯಲಿಗೆ ಬಂತು. ಸಾಲ ಅಂತ ಕೊಟ್ಟು ಆಮೇಲೆ ಮನ್ನಾ ಮಾಡಿದರಂತೆ. ಹ್ಯಾಂಡ್‌ಬಾಲ್‌ಗೆ ಹೀಗೂ ಒಂದು ದರಪಟ್ಟಿ.

ಆಮೇಲೆ ಘಾನಾ. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. 2010ರ ಜುಲೈ 2, ಜೋಹಾನ್ಸ್‌ಬರ್ಗ್, ಹೆಚ್ಚುವರಿ ಸಮಯದ ಕಟ್ಟಕಡೆಯ ಗಳಿಗೆ. ಘಾನಾದ ಅಡಿಯಾ ತಲೆಯಿಂದ ಹೊಡೆದ ಚೆಂಡು ಒಳಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಆಫ್ರಿಕಾದ ಯಾವ ತಂಡವೂ ವಿಶ್ವಕಪ್ ಸೆಮಿಫೈನಲ್ ಕಂಡಿರಲಿಲ್ಲ. ವಿಶ್ವಕಪ್ ಆಫ್ರಿಕಾದ ನೆಲದಲ್ಲೇ ನಡೆಯುತ್ತಿತ್ತು. ಗೋಲಿನ ಗೆರೆಯ ಮೇಲೆ ನಿಂತ ಉರುಗ್ವೆಯ ಸುವಾರೆಸ್ ಎರಡೂ ಕೈ ಎತ್ತಿ ತಳ್ಳಿದ. ಕೆಂಪು ಕಾರ್ಡ್, ಪೆನಾಲ್ಟಿ. ಘಾನಾದ ಗ್ಯಾನ್ ಒದ್ದದ್ದು ಅಡ್ಡಪಟ್ಟಿಗೆ ಬಡಿಯಿತು. ಹೊರಗೆ ಹೋಗುತ್ತಿದ್ದ ಸುವಾರೆಸ್ ಸುರಂಗದ ಬಾಯಲ್ಲೇ ಕುಣಿದ. ಉರುಗ್ವೆ ಶೂಟೌಟ್‌ನಲ್ಲಿ 4–2ರಿಂದ ಗೆದ್ದಿತು. ಮರಡೋನಾ ತನ್ನ ಗೋಲನ್ನು ದೇವರ ಕೈಯ ಕೆಲಸ ಎಂದಿದ್ದ; ಆ ದೇವರ ಕೈ ಈಗ ನನ್ನದು ಎಂದು ಸುವಾರೆಸ್ ಹೇಳಿಕೊಂಡ.

ಒಳಗೆ ಹೋಗುತ್ತಿದ್ದ ಚೆಂಡನ್ನು ಕೈಯಿಂದ ತಡೆದರೆ ಅದು ಗೋಲು. ಹಾಗೆಂದು ಬರೆಯಲು ಒಂದು ಸಾಲು ಸಾಕು. ರಗ್ಬಿಯಲ್ಲಿ ಇದೆ: ತಪ್ಪು ನಡೆಯದಿದ್ದರೆ ಟ್ರೈ (ಅಲ್ಲಿಯ ಗೋಲು ಎನ್ನಿ) ಆಗುತ್ತಿತ್ತು ಎನಿಸಿದರೆ ರೆಫರಿಯೇ ಟ್ರೈ ಕೊಡುತ್ತಾರೆ. ಐಎಫ್‌ಎಬಿಯ ಮಹನೀಯರಿಗೆ ಕಂಕುಳಿನ ತಳಕ್ಕೆ ಗೆರೆ ಎಳೆಯಲು ಬಿಡುವಿದೆ, ಜೊತೆಗಾರನ ಕೈಯ ನಿಯಮವನ್ನು ಎರಡು ವರ್ಷಕ್ಕೊಮ್ಮೆ ತಿರುಗಿಸಿ ಹಾಕಲು ಬಿಡುವಿದೆ, ಕಾರ್ಡಿನ ಬಣ್ಣದ ಬಗ್ಗೆ ಬಿಡುವಿದೆ. ಆ ಒಂದು ಸಾಲಿಗೆ ಬಿಡುವಿಲ್ಲ. ಬೆರಳು ಸವರಿದ ಆಂಡರ್ಸನ್‌ಗೂ, ಬೆನ್ನು ಹಾಕಿದ್ದ ಡಯರ್‌ಗೂ, ಎರಡು ಕೈಯಲ್ಲಿ ಒಂದು ಖಂಡದ ಸೆಮಿಫೈನಲ್ ಕಿತ್ತುಕೊಂಡವನಿಗೂ ಚೆಂಡನ್ನು ಇಡುವುದು ಅದೇ ಬಿಳಿ ಚುಕ್ಕೆಯ ಮೇಲೆ.

ಹನ್ನೆರಡು ವರ್ಷದ ನಂತರ ಕತಾರ್‌ನಲ್ಲಿ ಘಾನಾ ಮತ್ತೆ ಎದುರಾದಾಗ ಪತ್ರಕರ್ತರು ಸುವಾರೆಸ್‌ನನ್ನು ಕೇಳಿದರು, ಕ್ಷಮೆ ಕೇಳುತ್ತೀರಾ ಎಂದು. ಯಾಕೆ ಕೇಳಲಿ, ನನಗೆ ಕೆಂಪು ಕಾರ್ಡ್ ಸಿಕ್ಕಿತು, ಪೆನಾಲ್ಟಿ ಹಾಳುಮಾಡಿಕೊಂಡವನು ಘಾನಾದವನು ಎಂಬ ಅರ್ಥದಲ್ಲಿ ಉತ್ತರ ಕೊಟ್ಟ. ನಿಯಮಪುಸ್ತಕ ತೆರೆದು ನೋಡಿದರೆ ಅವನ ಮಾತಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.